ಇಪ್ಪತ್ತೆರಡರ ಬರಹ, ಎಂಬತ್ತರ ನೆನಪು

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತರೆ, ಅಜ್ಜ ಊಟ ಮಾಡಿ ಎದ್ದ ಅರ್ಧ ಗಂಟೆಗೆ "ಇನ್ನೂ ಎಲೆ ಹಾಕಲಿಲ್ಲವಲ್ಲ" ಎಂದು ಗೊಣಗಿದರೆ, ಮನೆಯವರು ಈ ಗಾದೆ ಹೇಳಿ ನಕ್ಕು ಸುಮ್ಮನಾಗುತ್ತಿದ್ದರು. ನಗು ಮುಗಿದ ಮೇಲೆ ಬರುವ ದಿನಗಳ ಬಗ್ಗೆ ಗಾದೆ ಏನನ್ನೂ ಹೇಳುವುದಿಲ್ಲ. ಹೆತ್ತ ಮಗಳನ್ನೇ "ನೀನು ಯಾರ ಮನೆಯವಳಮ್ಮ?" ಎಂದು ಕೇಳುವ ಬೆಳಗು, ಸ್ವಂತ ಮನೆಯ ಜಗಲಿಯಲ್ಲಿ ಕುಳಿತು "ನಮ್ಮ ಮನೆಗೆ ಹೋಗೋಣ ನಡಿ" ಎಂದು ಹಟ ಹಿಡಿಯುವ ಸಂಜೆ, ಇವುಗಳನ್ನು ಕಂಡವರಿಗೆ ಆ ಗಾದೆ ನೆನಪಾದರೆ ನಗು ಬರುವುದಿಲ್ಲ. ಇಂಥ ಮನೆಗಳಲ್ಲಿ ಹಗಲು ರಾತ್ರಿ ಕಾವಲು ಕೂರುವವರು ಬಹುಮಟ್ಟಿಗೆ ಸೊಸೆಯಂದಿರು, ಹೆಣ್ಣುಮಕ್ಕಳು. ಕಾಯಿಲೆ ಬೀಳುವವರಲ್ಲಿಯೂ ಹೆಂಗಸರೇ ಹೆಚ್ಚು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಈ ಮರೆವಿನ ರೋಗವಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಓದದವರಲ್ಲಿ ಅದು ಹೆಚ್ಚು.

ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಅದರ ಬಗೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವುದು ಆಲ್‌ಝೈಮರ್ ಕಾಯಿಲೆ. ನಾನು ವೈದ್ಯಳಲ್ಲ, ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಮತ್ತು ಕನ್ನಡ ಹೇಳಿಕೊಡುವವಳು. ರಾಜರ ಯುದ್ಧಗಳಿಗೆ ಚರಿತ್ರೆ ಇರುವಂತೆ ಕಾಯಿಲೆಗಳಿಗೂ ಒಂದು ಚರಿತ್ರೆ ಇರುತ್ತದೆ. ಆಲ್‌ಝೈಮರ್ ಕಾಯಿಲೆಯ ಚರಿತ್ರೆಯನ್ನು ಓದುತ್ತ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೆಂದರೆ, ಅದರ ಮುಖ್ಯ ದಾಖಲೆಗಳೆಲ್ಲ ಹೆಂಗಸರ ಕೈಬರಹಗಳು. ಒಂದು, ಬರೆಯಲು ಹೊರಟು ಮುಗಿಸಲಾಗದೆ ಹೋದ ಒಂದು ಹೆಸರು. ಇನ್ನೊಂದು, ಇಪ್ಪತ್ತರ ಆಸುಪಾಸಿನ ಹುಡುಗಿಯರು ಬರೆದಿಟ್ಟ ಒಂದೊಂದು ಹಾಳೆಯ ಆತ್ಮಕಥೆಗಳು. ಈ ಕಾಯಿಲೆ ಯಾವಾಗ ಶುರುವಾಗುತ್ತದೆ, ನಾವು ಬದುಕಿದ ರೀತಿಗೂ ಅದಕ್ಕೂ ಏನು ನಂಟು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಾದರೆ ಈ ಎರಡೂ ಕಾಗದಗಳನ್ನು ನೋಡಬೇಕು.

ಮೊದಲನೆಯದು ಜರ್ಮನಿಯದು. 1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ 51 ವರ್ಷದ ಗೃಹಿಣಿಯೊಬ್ಬಳನ್ನು ಸೇರಿಸಿದರು. ಹೆಸರು ಔಗುಸ್ಟೆ ಡೇಟರ್. ಗಂಡ ರೈಲ್ವೆಯಲ್ಲಿ ಗುಮಾಸ್ತ. ಕಾರಣವಿಲ್ಲದೆ ಗಂಡನ ಮೇಲೆ ಸಂಶಯ ಪಡುವುದರಿಂದ ಆಕೆಯ ಕಾಯಿಲೆ ಶುರುವಾಗಿತ್ತು. ಆಮೇಲೆ ಅಡುಗೆ ಕೆಡತೊಡಗಿತು, ಇಟ್ಟ ವಸ್ತು ಸಿಗದಾಯಿತು, ರಾತ್ರಿಯೆಲ್ಲ ಮನೆಯಲ್ಲಿ ಅಲೆದಾಟ. ಮರುದಿನ ವೈದ್ಯ ಅಲೋಯಿಸ್ ಆಲ್‌ಝೈಮರ್ ಆಕೆಯ ಎದುರು ಕುಳಿತು ಒಂದೊಂದಾಗಿ ಪ್ರಶ್ನೆ ಕೇಳಿದರು. ಹೆಸರೇನು ಎಂದರೆ ಔಗುಸ್ಟೆ ಎಂದಳು. ಮನೆತನದ ಹೆಸರು? ಔಗುಸ್ಟೆ. ಗಂಡನ ಹೆಸರು? ಔಗುಸ್ಟೆ ಇರಬೇಕು ಎಂದಳು. ಮಧ್ಯಾಹ್ನ ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಸೊಪ್ಪು ಎಂದಳು. ಕಾಗದ ಕೊಟ್ಟು ನಿಮ್ಮ ಹೆಸರು ಬರೆಯಿರಿ ಎಂದಾಗ, ನಮ್ಮ 'ಶ್ರೀಮತಿ' ಎಂಬಂಥ ಮೊದಲ ಮಾತನ್ನು ಬರೆದಳು, ಅಷ್ಟರಲ್ಲಿ ಉಳಿದದ್ದು ಮರೆತುಹೋಯಿತು. ಒಂದೊಂದು ಮಾತನ್ನೂ ಮತ್ತೆ ಮತ್ತೆ ಹೇಳಿಕೊಡಬೇಕಾಯಿತು. ತಾನು ತನ್ನನ್ನೇ ಕಳೆದುಕೊಂಡಿದ್ದೇನೆ ಎಂಬರ್ಥದ ಮಾತನ್ನೂ ಆಕೆ ಆಡಿದ್ದುಂಟು. ಅದನ್ನೆಲ್ಲ ಆ ವೈದ್ಯರು ಬರೆದಿಟ್ಟರು.

ಔಗುಸ್ಟೆ 1906ರ ಏಪ್ರಿಲ್‌ನಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಮ್ಯೂನಿಕ್ ನಗರಕ್ಕೆ ಹೋಗಿದ್ದ ಆಲ್‌ಝೈಮರ್ ಅವಳ ಮಿದುಳನ್ನು ತರಿಸಿಕೊಂಡು, ತೆಳುವಾಗಿ ಕತ್ತರಿಸಿ, ಬೆಳ್ಳಿಯ ಲವಣದಿಂದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಒಳಗೆ ಸಿಕ್ಕುಬಿದ್ದ ದಾರದಂಥ ಗಂಟುಗಳು, ಕೋಶಗಳ ನಡುವೆ ಅಂಟಿಕೊಂಡ ಚಕ್ಕೆಗಳು ಕಂಡವು. ಆ ವರ್ಷದ ನವೆಂಬರ್‌ನಲ್ಲಿ ಟ್ಯೂಬಿಂಗೆನ್ ಊರಿನ ವೈದ್ಯರ ಸಭೆಯಲ್ಲಿ ಅವರು ಇದನ್ನು ವಿವರಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಆಲ್‌ಝೈಮರ್ ಹೆಸರನ್ನಿಟ್ಟರು. ಔಗುಸ್ಟೆಯ ಕಡತ ಎಲ್ಲಿಯೋ ಕಳೆದುಹೋಗಿ 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿಯೇ ಸಿಕ್ಕಿತು. ಅರ್ಧಕ್ಕೆ ನಿಂತ ಆ ಕೈಬರಹವೂ ಅದರಲ್ಲಿತ್ತು.

ಹೆಸರಿಟ್ಟದ್ದರಿಂದ ಒಂದು ತೊಡಕೂ ಆಯಿತು. ಐವತ್ತರ ಹೆಂಗಸಿಗೆ ಬಂದದ್ದಾದ್ದರಿಂದ ಇದು ನಡುವಯಸ್ಸಿನವರ ಅಪರೂಪದ ಕಾಯಿಲೆ, ಮುದುಕರ ಮರೆವು ಬೇರೆ, ಅದು ವಯೋಧರ್ಮ ಎಂದು ವೈದ್ಯರೂ ಬಹುಕಾಲ ನಂಬಿದರು. ಅವರ ಪಾಲಿಗೂ ಅದು ಅರಳುಮರಳೇ. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಸ್‌ಮನ್ ಎಂಬ ನರರೋಗ ತಜ್ಞರು ಎರಡೂ ಒಂದೇ ಕಾಯಿಲೆ, ಇದು ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು ಎಂದು ಬಲವಾಗಿ ವಾದಿಸಿದ ಮೇಲೆ ಜಗತ್ತಿನ ಕಣ್ಣು ಇತ್ತ ಹೊರಳಿತು. ಅಲ್ಲಿಂದ ಮುಂದಿನ ಪ್ರಶ್ನೆ ಸಹಜವಾಗಿಯೇ ಎದ್ದಿತು. ವಯಸ್ಸಾದವರಿಗೆಲ್ಲ ಇದು ಬರುವುದಿಲ್ಲ. ಒಬ್ಬರಿಗೆ ಎಪ್ಪತ್ತಕ್ಕೆ ಬರುತ್ತದೆ, ಇನ್ನೊಬ್ಬರು ತೊಂಬತ್ತೈದಕ್ಕೂ ಪಂಚಾಂಗ ನೋಡಿ ತಿಥಿ ಹೇಳುತ್ತಾರೆ. ವ್ಯತ್ಯಾಸ ಎಲ್ಲಿದೆ? ತಿಂದ ಅನ್ನದಲ್ಲಿಯೋ, ಮಾಡಿದ ಕೆಲಸದಲ್ಲಿಯೋ, ಓದಿದ ಓದಿನಲ್ಲಿಯೋ?

ಇದನ್ನು ಕಂಡುಹಿಡಿಯುವುದು ಸುಲಭವಲ್ಲ. ಜನರ ಬದುಕು ಒಬ್ಬರದು ಇದ್ದಂತೆ ಇನ್ನೊಬ್ಬರದು ಇರುವುದಿಲ್ಲ. ಒಬ್ಬಳು ಓದಿದವಳು ಎಂದರೆ ಸಾಮಾನ್ಯವಾಗಿ ಉಳ್ಳವರ ಮನೆಯವಳು. ಒಳ್ಳೆಯ ಊಟ, ಒಳ್ಳೆಯ ವೈದ್ಯರು ಎರಡೂ ಅವಳಿಗೆ ಸಿಕ್ಕಿರುತ್ತವೆ. ಅವಳ ನೆನಪು ಉಳಿದರೆ ಅದು ಓದಿನ ಫಲವೋ ತುಪ್ಪದ ಫಲವೋ ಹೇಳುವುದು ಹೇಗೆ? ಒಂದೇ ಸೂರಿನಡಿ, ಒಂದೇ ಅಡುಗೆ ಉಂಡು, ಒಂದೇ ಬಗೆಯ ಬಟ್ಟೆ ತೊಟ್ಟು, ಬೀಡಿ ಸಿಗರೇಟಿನ ಸೋಂಕಿಲ್ಲದೆ, ಬಸಿರು ಬಾಣಂತನಗಳಿಲ್ಲದೆ, ಐವತ್ತು ಅರವತ್ತು ವರ್ಷ ಬದುಕಿದ ನೂರಾರು ಹೆಂಗಸರು ಸಿಕ್ಕಬೇಕು. ಅಂಥವರು ಸಿಕ್ಕಿದ್ದು ಒಂದು ಕ್ರೈಸ್ತ ಸನ್ಯಾಸಿನಿಯರ ಪಂಗಡದಲ್ಲಿ.

ಆ ಪಂಗಡದ ಹೆಸರು ಸ್ಕೂಲ್ ಸಿಸ್ಟರ್ಸ್ ಆಫ್ ನೋಟ್ರ ಡಾಮ್. ಜರ್ಮನಿಯ ಬವೇರಿಯಾದಲ್ಲಿ 1833ರಲ್ಲಿ ಕರೊಲೀನಾ ಗೆರ್ಹಾರ್ಡಿಂಗರ್ ಎಂಬ ಉಪಾಧ್ಯಾಯಿನಿ ಹೆಣ್ಣುಮಕ್ಕಳಿಗೆ ಪಾಠ ಹೇಳಲೆಂದೇ ಅದನ್ನು ಕಟ್ಟಿದಳು. 1847ರಲ್ಲಿ ಅದು ಅಮೆರಿಕಕ್ಕೆ ಹೋಯಿತು. 1986ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಸ್ನೋಡನ್ ಎಂಬ ಯುವ ಸಂಶೋಧಕರು ಮ್ಯಾಂಕೇಟೊ ಊರಿನ ಗುಡ್ಡದ ಮೇಲಿರುವ ಈ ಸಿಸ್ಟರ್‌ಗಳ ಮಠದ ಬಾಗಿಲು ತಟ್ಟಿದರು. ಮೊದಲು ಕಂಡದ್ದು ಹೀಗಿತ್ತು. ಕಾಲೇಜು ಓದಿ ಪಾಠ ಹೇಳುತ್ತಿದ್ದ ಸಿಸ್ಟರ್‌ಗಳು, ಓದು ಕಡಿಮೆಯಿದ್ದು ಅಡುಗೆಮನೆ, ಒಗೆತ, ಮನೆವಾರ್ತೆ ನೋಡಿಕೊಂಡ ಸಿಸ್ಟರ್‌ಗಳಿಗಿಂತ ಹೆಚ್ಚು ವರ್ಷ ಬದುಕಿದ್ದರು. ಇಳಿವಯಸ್ಸಿನಲ್ಲಿ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಶಕ್ತಿಯನ್ನೂ ಬುದ್ಧಿಯ ಚುರುಕನ್ನೂ ಹೆಚ್ಚು ಕಾಲ ಉಳಿಸಿಕೊಂಡಿದ್ದರು. ಪಂಕ್ತಿಯೊಂದೇ, ಊಟವೊಂದೇ; ಆದರೂ ಬಡಿಸಿದವರಿಗೂ ಪಾಠ ಹೇಳಿದವರಿಗೂ ಮುಪ್ಪು ಬೇರೆ ಬೇರೆ ಬಗೆಯಲ್ಲಿ ಬಂದಿತ್ತು.

1990ರಲ್ಲಿ ಸ್ನೋಡನ್ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಈ ಕೆಲಸ ದೊಡ್ಡದಾಯಿತು. 1917ಕ್ಕೆ ಮೊದಲು ಹುಟ್ಟಿದ 1,027 ಸಿಸ್ಟರ್‌ಗಳನ್ನು ಕೇಳಲಾಗಿ 678 ಮಂದಿ ಒಪ್ಪಿಕೊಂಡರು. ಒಪ್ಪಿದ್ದು ಸಣ್ಣ ಮಾತಿಗಲ್ಲ. ಪ್ರತಿವರ್ಷ ನೆನಪಿನ ಪರೀಕ್ಷೆಗೆ ಕೂರಬೇಕು, ತಮ್ಮ ಹಳೆಯ ದಾಖಲೆಗಳನ್ನೆಲ್ಲ ತೋರಿಸಬೇಕು, ಸತ್ತ ಮೇಲೆ ಮಿದುಳನ್ನು ಸಂಶೋಧನೆಗೆ ಕೊಡಬೇಕು. ಒಪ್ಪಿದವರಲ್ಲಿ ಎಲ್ಲರಿಗಿಂತ ಕಿರಿಯಳಿಗೆ 75 ವರ್ಷ, ಹಿರಿಯಳಿಗೆ ನೂರು ದಾಟಿತ್ತು. ಬದುಕಿಡೀ ಪರೀಕ್ಷೆ ಮಾಡಿದವರು ಮುಪ್ಪಿನಲ್ಲಿ ತಾವೇ ಪರೀಕ್ಷೆಗೆ ಕುಳಿತರು. ದೇಹವೆಂದರೆ ಮಡಿ ಮೈಲಿಗೆಗಳ ಲೆಕ್ಕವನ್ನೇ ಹೆಚ್ಚಾಗಿ ಕೇಳಿ ಬೆಳೆದ ನಮ್ಮಂಥವರಿಗೆ ಈ ದಾನದ ತೂಕ ಬೇಗ ತಿಳಿಯುತ್ತದೆ.

ಮಠದ ಹಳೆಯ ದಾಖಲೆಗಳಲ್ಲಿ ಸಂಶೋಧಕರಿಗೆ ಒಂದು ನಿಧಿ ಸಿಕ್ಕಿತು. 1930ರಲ್ಲಿ ಅಮೆರಿಕದ ಮುಖ್ಯ ಮದರ್ ಒಂದು ಸೂಚನೆ ಕಳುಹಿಸಿದ್ದರು. ವ್ರತ ಸ್ವೀಕರಿಸುವ ಮೊದಲು ಪ್ರತಿ ಹುಡುಗಿಯೂ ತನ್ನ ಬದುಕಿನ ಕಥೆಯನ್ನು ಒಂದು ಹಾಳೆಯಲ್ಲಿ, ಇನ್ನೂರು ಮುನ್ನೂರು ಮಾತಿನೊಳಗೆ ಬರೆಯಬೇಕು. ಹುಟ್ಟಿದ ಊರು, ತಂದೆತಾಯಿ, ಬಾಲ್ಯದ ಸಂಗತಿಗಳು, ಓದಿದ ಶಾಲೆ, ಮಠಕ್ಕೆ ಬರಲು ಕಾರಣ ಎಲ್ಲವೂ ಅದರಲ್ಲಿರಬೇಕು. ಬರೆಯುವಾಗ ಅವರ ಸರಾಸರಿ ವಯಸ್ಸು 22. ಆ ಹಾಳೆಗಳು ಬೀರುಗಳಲ್ಲಿ ಹಾಗೆಯೇ ಇದ್ದವು. ಹೀಗೆ ಬರೆದಿದ್ದ 93 ಸಿಸ್ಟರ್‌ಗಳ ಹಾಳೆಗಳನ್ನು ಆರಿಸಿಕೊಂಡು, ಭಾಷಾ ಮನೋವಿಜ್ಞಾನಿ ಸೂಸನ್ ಕೆಂಪರ್ ಅವುಗಳ ವಾಕ್ಯಗಳನ್ನು ಬಿಡಿಸಿ ಅಳೆದರು. ಅಕ್ಷರ ದುಂಡಗಿದೆಯೇ, ಕಾಗುಣಿತ ಸರಿಯಿದೆಯೇ ಎಂದು ನೋಡಲಿಲ್ಲ. ಪ್ರತಿ ಹತ್ತು ಮಾತಿಗೆ ಎಷ್ಟು ವಿಚಾರಗಳು ಅಡಕವಾಗಿವೆ ಎಂದು ಎಣಿಸಿದರು. ಇದಕ್ಕೆ ವಿಚಾರ ಸಾಂದ್ರತೆ ಎನ್ನಬಹುದು.

ಉಪಾಧ್ಯಾಯಿನಿಯರಿಗೆ ಇದು ತಕ್ಷಣ ಅರ್ಥವಾಗುವ ಮಾತು. 'ನಮ್ಮ ಊರು' ಎಂದು ಪ್ರಬಂಧ ಬರೆಯಲು ಕೊಟ್ಟರೆ ಒಬ್ಬಳು ಹೀಗೆ ಬರೆಯುತ್ತಾಳೆ: ನಮ್ಮ ಊರಿನಲ್ಲಿ ಒಂದು ಕೆರೆ ಇದೆ. ಕೆರೆಯಲ್ಲಿ ನೀರು ಇದೆ. ನಮಗೆ ಕೆರೆ ಎಂದರೆ ಇಷ್ಟ. ಇನ್ನೊಬ್ಬಳು ಬರೆಯುತ್ತಾಳೆ: ನಮ್ಮಜ್ಜಿ ಬಟ್ಟೆ ಒಗೆಯುತ್ತಿದ್ದ ಕೆರೆ ಈಗ ಬತ್ತಿ ಹುಡುಗರ ಕ್ರಿಕೆಟ್ ಮೈದಾನವಾಗಿದ್ದರೂ ಮಳೆಗಾಲದ ಎರಡು ತಿಂಗಳು ಅದು ಮತ್ತೆ ಕೆರೆಯೇ. ಎರಡರಲ್ಲಿಯೂ ತಪ್ಪಿಲ್ಲ. ಆದರೆ ಎರಡನೆಯ ವಾಕ್ಯದಲ್ಲಿ ಅಜ್ಜಿಯ ಕಾಲ, ಇಂದಿನ ಕಾಲ, ಒಂದು ನಷ್ಟ, ಒಂದು ಆಸೆ ನಾಲ್ಕೂ ಒಂದೇ ಉಸಿರಿನಲ್ಲಿ ಬಂದಿವೆ. ಇಂಥ ಬರಹಗಳನ್ನು ಬರೆದವಳ ಸುಮಾರು 58 ವರ್ಷಗಳ ನಂತರದ ನೆನಪಿನ ಅಂಕಗಳ ಪಕ್ಕದಲ್ಲಿಟ್ಟು ನೋಡಿದರು.

1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಪ್ಪತ್ತೆರಡರಲ್ಲಿ ತೆಳುವಾಗಿ ಬರೆದವರು ಎಂಬತ್ತರಲ್ಲಿ ನೆನಪಿನ ಪರೀಕ್ಷೆಯಲ್ಲಿಯೂ ಕಡಿಮೆ ಅಂಕ ಪಡೆದಿದ್ದರು. ಅಷ್ಟರಲ್ಲಿ ತೀರಿಕೊಂಡು ಮಿದುಳಿನ ಪರೀಕ್ಷೆ ಮುಗಿದಿದ್ದ 14 ಸಿಸ್ಟರ್‌ಗಳಲ್ಲಿ, ಹರೆಯದಲ್ಲಿ ತೆಳುವಾಗಿ ಬರೆದಿದ್ದ ಎಲ್ಲರ ಮಿದುಳಿನಲ್ಲಿಯೂ ಆಲ್‌ಝೈಮರ್ ಗುರುತುಗಳಿದ್ದವು. ವಿಚಾರ ತುಂಬಿ ಬರೆದಿದ್ದ ಒಬ್ಬರಲ್ಲಿಯೂ ರೋಗವಿರಲಿಲ್ಲ. ಅಂದರೆ ಐವತ್ತೆಂಟು ವರ್ಷಗಳ ಮುಂದೆ ಬರಲಿರುವುದರ ನೆರಳು ಆ ಒಂದು ಹಾಳೆಯ ಮೇಲೆ ಬಿದ್ದಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಚೆನ್ನಾಗಿ ಬರೆದದ್ದರಿಂದ ರೋಗ ಬರಲಿಲ್ಲವೋ, ಅಥವಾ ಯಾವುದೋ ಕಾರಣಕ್ಕೆ ಹರೆಯದಿಂದಲೇ ಕೆಲವರ ಮಿದುಳು ದುರ್ಬಲವಾಗಿದ್ದು ಬರಹವೂ ತೆಳುವಾಯಿತೋ? ಈ ಅಧ್ಯಯನ ಎರಡನ್ನು ಬೇರ್ಪಡಿಸಿ ಹೇಳಲಾರದು. ಹದಿನಾಲ್ಕು ಎಂಬುದು ಸಣ್ಣ ಸಂಖ್ಯೆಯೂ ಹೌದು. ಆದರೂ ಒಂದು ಮಾತು ಇದರಿಂದ ಗಟ್ಟಿಯಾಯಿತು. ಅರವತ್ತಕ್ಕೆ ಇದ್ದಕ್ಕಿದ್ದಂತೆ ಮೈಮೇಲೆ ಬರುವ ಗ್ರಹಚಾರ ಇದಲ್ಲ. ಇದರ ಬೇರು ನಮ್ಮ ಹರೆಯದಲ್ಲಿ, ಒಂದು ವೇಳೆ ಬಾಲ್ಯದಲ್ಲಿಯೇ ಇರುತ್ತದೆ.

ಇದೇ ಸಿಸ್ಟರ್‌ಗಳ ನಡುವೆ ಇನ್ನೊಬ್ಬಳ ಕಥೆ ನನಗೆ ಬಲು ಪ್ರಿಯವಾದದ್ದು. ಸಂಶೋಧಕರು ಆಕೆಯನ್ನು ಸಿಸ್ಟರ್ ಮೇರಿ ಎಂದು ಕರೆದಿದ್ದಾರೆ. ಎಂಟನೆಯ ತರಗತಿಗೆ ಓದು ನಿಂತಿತ್ತು. 19ನೆಯ ವಯಸ್ಸಿನಲ್ಲಿ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿದಳು. ಬೇಸಿಗೆ ರಜೆಯಲ್ಲಿ ಮಾತ್ರ ತಾನು ಓದುತ್ತ, 22 ವರ್ಷ ಬಿಡದೆ ಓದಿ, 41ನೆಯ ವಯಸ್ಸಿನಲ್ಲಿ ಹೈಸ್ಕೂಲು ಮುಗಿಸಿದಳು. 77ರವರೆಗೆ ಪೂರ್ಣಕಾಲ, 84ರವರೆಗೆ ಅರೆಕಾಲ ಪಾಠ ಹೇಳಿದಳು. 101ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು ನಡೆದ ಪರೀಕ್ಷೆಯಲ್ಲಿ 30ಕ್ಕೆ 27 ಅಂಕ ತೆಗೆದುಕೊಂಡಿದ್ದಳು. ಆಮೇಲೆ ಮಿದುಳನ್ನು ನೋಡಿದರೆ ಅದರ ತೂಕ 870 ಗ್ರಾಂ ಮಾತ್ರ, ಸುತ್ತಲೂ ಔಗುಸ್ಟೆಯ ಮಿದುಳಿನಲ್ಲಿ ಕಂಡಂಥ ಗಂಟುಗಳು, ಚಕ್ಕೆಗಳು! ರೋಗ ಒಳಗೆ ಬಂದಿತ್ತು, ಮನೆಯೊಡತಿ ಮಾತ್ರ ಅದರ ಮಾತು ಕೇಳಿರಲಿಲ್ಲ.

ಇದನ್ನು ವಿವರಿಸಲು ವಿಜ್ಞಾನಿಗಳು ಮಿದುಳಿನ ಮೀಸಲು ಎಂಬ ಕಲ್ಪನೆಯನ್ನು ಬಳಸುತ್ತಾರೆ. ನಮ್ಮ ಬಯಲುಸೀಮೆಯವರಿಗೆ ಹಗೇವು ಗೊತ್ತು. ಒಳ್ಳೆಯ ಮಳೆಯಾದ ವರ್ಷ ನೆಲದೊಳಗಿನ ಆ ಕಣಜದಲ್ಲಿ ರಾಗಿ, ಜೋಳ ತುಂಬಿಟ್ಟರೆ ಬರಗಾಲದಲ್ಲಿ ಮನೆ ಉಪವಾಸ ಬೀಳುವುದಿಲ್ಲ. ಬರ ಬರುವುದನ್ನು ಹಗೇವು ತಡೆಯದು. ಹಸಿವು ಬಾಗಿಲಿಗೆ ಬರುವ ದಿನವನ್ನು ಮುಂದೂಡುತ್ತದೆ. ಓದು, ಬರಹ, ಹೊಸ ವಿದ್ಯೆ, ತಲೆಗೆ ಕೆಲಸ ಕೊಡುವ ದುಡಿಮೆ ಇವೆಲ್ಲ ನರಕೋಶಗಳ ನಡುವಿನ ಸಂಪರ್ಕಗಳನ್ನು ದಟ್ಟವಾಗಿಸುತ್ತವೆ ಎಂದು ಅವರು ತಿಳಿಯುತ್ತಾರೆ. ಒಂದು ದಾರಿ ಮುಚ್ಚಿದರೆ ಇನ್ನೊಂದರಲ್ಲಿ ಹೋಗಲು ಮಿದುಳಿಗೆ ಅವಕಾಶವಿರುತ್ತದೆ.

ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ಅಕ್ಕನಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿ ಕೇಳಿದಳು: "ಹಾಗಾದ್ರೆ ನಮ್ಮಿಬ್ಬರಲ್ಲಿ ಮರೆವು ಮೊದಲು ನನಗೇ ಬರೋದೇನೇ?" ಅಕ್ಕ ಏಳನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿದ್ದಳು. ದೊಡ್ಡವಳಾದಳೆಂದು ಅಲ್ಲಿಗೇ ಬಿಡಿಸಿದರು. ಹೈಸ್ಕೂಲಿಗೆ ಮೂರು ಮೈಲಿ ನಡೆಯಬೇಕಿತ್ತು, ಜೊತೆಗೆ ಬೇರೆ ಹುಡುಗಿಯರಿರಲಿಲ್ಲ. ನನ್ನ ಕಾಲಕ್ಕೆ ಬಸ್ಸು ಬಂತು, ನಾನು ಓದಿದೆ. ಬುದ್ಧಿಯಲ್ಲಿ ನಮ್ಮಿಬ್ಬರಿಗೆ ವ್ಯತ್ಯಾಸವಿರಲಿಲ್ಲ. ಇದ್ದಿದ್ದರೆ ಅವಳದೇ ಒಂದು ಕೈ ಮೇಲು. ಅವಳ ಪ್ರಶ್ನೆ ಅವಳೊಬ್ಬಳದಲ್ಲ. ನಮ್ಮ ವಯಸ್ಸಿನ ಹೆಂಗಸರಲ್ಲಿ ಪ್ರತಿ ಮನೆಯಲ್ಲಿಯೂ ಅಂಥ ಒಬ್ಬ ಅಕ್ಕ, ಒಬ್ಬ ಅತ್ತಿಗೆ ಇದ್ದಾಳೆ. ಅವರ ಓದನ್ನು ಕಿತ್ತುಕೊಂಡ ಸಮಾಜ ಅವರ ಮುಪ್ಪಿನ ನೆನಪಿಗೂ ಕೈ ಹಾಕಿತೆ?

ಇದಕ್ಕೆ ಉತ್ತರವನ್ನು ಅಮೆರಿಕದ ಮಠದಲ್ಲಿ ಹುಡುಕಿದರೆ ಸಾಲದು, ನಮ್ಮ ದೇಶಕ್ಕೇ ಬರಬೇಕು. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಜೊತೆಯಾಗಿ 55 ದಾಟಿದ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ ಶೇಕಡಾ 73 ಮಂದಿ ಅಕ್ಷರ ಬಾರದವರು. ಓದಿಲ್ಲದವರಿಗೆ ರೋಗ ಹೆಚ್ಚು ಎನ್ನುವುದಾದರೆ ಅಲ್ಲಿ ಮನೆಮನೆಯಲ್ಲಿಯೂ ಅದಿರಬೇಕಿತ್ತು. 1998ರಲ್ಲಿ ಬಂದ ವರದಿಯಂತೆ ಡಿಮೆನ್ಷಿಯಾ ಇದ್ದವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಈ ರೋಗಕ್ಕೆ ಹತ್ತಿರವಾದ ಒಂದು ಬಗೆಯ ವಂಶವಾಹಿ ಅಲ್ಲಿಯವರಲ್ಲಿ ವಿರಳವಾಗಿತ್ತು. ರೋಗ ಬಂದವರು ಹೆಚ್ಚು ಕಾಲ ಬದುಕದೆ ಲೆಕ್ಕದಿಂದ ಬಿಟ್ಟುಹೋಗಿರಬಹುದೆಂಬ ಮಾತೂ ಇದೆ. ಏನೇ ಇರಲಿ, ಓದೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂಬುದು ಇದರಿಂದ ತಿಳಿಯಿತು.

ಇನ್ನೂ ಹತ್ತಿರದ ಉತ್ತರ ಹೈದರಾಬಾದಿನಿಂದ ಬಂತು. ಅಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ದಖ್ಖನಿ, ಕಚೇರಿಯಲ್ಲಿ ಹಿಂದಿ, ಇಂಗ್ಲಿಷ್. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಆಗ ಹೈದರಾಬಾದಿನಲ್ಲಿದ್ದರು. ಅವರು ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ವಿವರ ನೋಡಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಆಡುವವರು. 2013ರಲ್ಲಿ ಪ್ರಕಟವಾದಂತೆ, ಒಂದೇ ಭಾಷೆಯವರಿಗಿಂತ ಇವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲಿಯೂ ಈ ವ್ಯತ್ಯಾಸವಿತ್ತು. ಅಕ್ಷರ ಬಾರದೆ ಎರಡು ಭಾಷೆ ಆಡುವವರಲ್ಲಿ ಅದು ಸುಮಾರು ಆರು ವರ್ಷದಷ್ಟು. ಹಗೇವು ತುಂಬಲು ಶಾಲೆಯ ದಾರಿಯೊಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಓದಿಲ್ಲ.

ಅಕ್ಕನನ್ನು ಕೊಟ್ಟದ್ದು ಮುಳಬಾಗಿಲಿನ ಕಡೆಗೆ. ಹೋದಾಗ ಒಂದು ಮಾತು ತೆಲುಗು ಬಾರದವಳು ಈಗ ತೆಲುಗಿನಲ್ಲಿಯೇ ಜಗಳವಾಡಿ ಗೆಲ್ಲುತ್ತಾಳೆ. ಹಾಲಿನ ಡೈರಿಯ ಲೆಕ್ಕ ಬಾಯಲ್ಲೇ ಇಡುತ್ತಾಳೆ, ಸೋಬಾನೆ ಪದಗಳನ್ನು ಇಡೀ ರಾತ್ರಿಗಾಗುವಷ್ಟು ಬಲ್ಲಳು. ನಿನಗೆ ಬರುವುದೇ ಇಲ್ಲ ಎಂದು ನಾನು ಅವಳಿಗೆ ಹೇಳಲಿಲ್ಲ. ಅಂಥ ಭರವಸೆಯನ್ನು ಯಾವ ಅಧ್ಯಯನವೂ ಕೊಡುವುದಿಲ್ಲ. ನಿನ್ನ ಹಗೇವು ಖಾಲಿಯಿಲ್ಲ ಕಣಕ್ಕ ಎಂದೆ. "ಇದ್ದರೆ ಇರಲಿ, ಬಿಪಿ ಮಾತ್ರೆ ಮುಗಿದಿದೆ, ಬರುವಾಗ ತಂದುಕೊಡು" ಎಂದಳು.

ಅವಳು ಹಾಸ್ಯಕ್ಕೆ ಹೇಳಿದರೂ ಅದು ಸರಿಯಾದ ಮಾತಾಗಿತ್ತು. 1997ರಲ್ಲಿ ಸಿಸ್ಟರ್‌ಗಳ ಅಧ್ಯಯನದಿಂದಲೇ ಇನ್ನೊಂದು ವರದಿ ಬಂದಿತ್ತು. ಮಿದುಳಿನಲ್ಲಿ ಒಂದೇ ಪ್ರಮಾಣದ ಗಂಟು, ಚಕ್ಕೆಗಳಿದ್ದರೂ, ರಕ್ತನಾಳ ಕಟ್ಟಿ ಆದ ಒಂದೆರಡು ಪುಟ್ಟ ಗಾಯಗಳು ಜೊತೆಗಿದ್ದವರಲ್ಲಿ ಮರೆವು ಎಷ್ಟೋ ಪಾಲು ಹೆಚ್ಚಾಗಿ ಹೊರಗೆ ಕಾಣಿಸಿಕೊಂಡಿತ್ತು. ಅಂಥ ಗಾಯಗಳಿಗೆ ಮುಖ್ಯ ಕಾರಣಗಳಲ್ಲಿ ರಕ್ತದೊತ್ತಡವೂ ಒಂದು. ಲ್ಯಾನ್ಸೆಟ್ ವೈದ್ಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2017ರಲ್ಲಿ ತಡೆಯಬಹುದಾದ 9 ಕಾರಣಗಳನ್ನು ಪಟ್ಟಿ ಮಾಡಿತು. 2020ರಲ್ಲಿ ಅವು 12 ಆದವು, 2024ರಲ್ಲಿ 14. ಬಾಲ್ಯದಲ್ಲಿ ಓದು ಸಿಗದಿರುವುದು ಪಟ್ಟಿಯ ಮೊದಲಿಗಿದೆ. ನಡುವಯಸ್ಸಿನಲ್ಲಿ ಕಿವಿ ಮಂದವಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಮೈಗೆ ವ್ಯಾಯಾಮವಿಲ್ಲದಿರುವುದು, ಧೂಮಪಾನ, ಮಿತಿಮೀರಿದ ಕುಡಿತ, ತಲೆಗೆ ಪೆಟ್ಟು, ಮನಸ್ಸಿನ ಖಿನ್ನತೆ ಆಮೇಲಿನವು. ಇಳಿವಯಸ್ಸಿನಲ್ಲಿ ಒಂಟಿತನ, ಹೊಗೆ ತುಂಬಿದ ಗಾಳಿ, ಚಿಕಿತ್ಸೆ ಮಾಡಿಸದ ಕಣ್ಣಿನ ಮಬ್ಬು. ಇವೆಲ್ಲವನ್ನೂ ಸರಿಪಡಿಸಲು ಸಾಧ್ಯವಾದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ಉಳಿದದ್ದು ವಯಸ್ಸು, ವಂಶ, ಇನ್ನೂ ತಿಳಿಯದ ಕಾರಣಗಳ ಪಾಲು.

ಈ ಪಟ್ಟಿಯನ್ನು ಮುಂದಿಟ್ಟುಕೊಂಡು ನಮ್ಮ ಊರುಗಳ ಹೆಂಗಸರನ್ನು ನೋಡಿ. ತಲೆ ಸುತ್ತು ನಿಂತ ಕೂಡಲೇ ಬಿಪಿ ಮಾತ್ರೆಯನ್ನೂ ನಿಲ್ಲಿಸುತ್ತೇವೆ. ಉಪ್ಪಿನಕಾಯಿ, ಹಪ್ಪಳ ಇಲ್ಲದೆ ತುತ್ತು ಇಳಿಯುವುದಿಲ್ಲ. ಕಿವಿ ಕೇಳದಿದ್ದರೂ ಯಂತ್ರ ಹಾಕಿಕೊಂಡರೆ ಕಿವುಡಿ ಎಂದಾರೆಂದು ನಾಚಿ, ಮಾತಿನ ನಡುವೆ ಸುಮ್ಮನೆ ನಗುತ್ತ ಕೂರುತ್ತೇವೆ. ಬರುಬರುತ್ತ ಮನೆಯವರು ನಮ್ಮ ಜೊತೆ ಮಾತನ್ನೇ ಕಡಿಮೆ ಮಾಡುತ್ತಾರೆ. ಗಂಡ ಹೋದ ಮೇಲೆ ಮದುವೆ ಮುಂಜಿಗೂ ಹೋಗದೆ ಮೂಲೆ ಹಿಡಿಯುವವರು ಎಷ್ಟು ಮಂದಿ! ಮನೆಗೆಲಸ ಮಾಡುವುದಿಲ್ಲವೆ, ಅದೇ ವ್ಯಾಯಾಮ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಫಿನ್‌ಲೆಂಡ್ ದೇಶದಲ್ಲಿ 60ರಿಂದ 77 ವರ್ಷದ 1,260 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಹಿತವಾದ ಊಟ, ನಿಯಮಿತ ವ್ಯಾಯಾಮ, ನೆನಪಿನ ಅಭ್ಯಾಸ, ರಕ್ತದೊತ್ತಡ ಮುಂತಾದವುಗಳ ತಪಾಸಣೆ ನಾಲ್ಕನ್ನೂ ಒಟ್ಟಿಗೆ ನಡೆಸಿದರು. 2015ರಲ್ಲಿ ಪ್ರಕಟವಾದಂತೆ ಆ ಗುಂಪಿನವರ ಬುದ್ಧಿಶಕ್ತಿ ಇನ್ನೊಂದು ಗುಂಪಿಗಿಂತ ಉತ್ತಮವಾಗಿತ್ತು. ಅರವತ್ತರ ಮೇಲೆ ಶುರು ಮಾಡಿದರೂ ತಡವಲ್ಲ ಎಂಬ ಸಮಾಧಾನ ಇದರಲ್ಲಿದೆ.

ಹೀಗೆ ಹೇಳುವಾಗ ಒಂದು ಅಪಾಯವೂ ಇದೆ. ಬದುಕಿದ ರೀತಿಯಿಂದ ರೋಗ ಬರುತ್ತದೆ ಎಂದೊಡನೆ, ಬಂದವರದೇ ತಪ್ಪು ಎನ್ನಲು ನಾಲಿಗೆಗಳು ಕಾದಿರುತ್ತವೆ. ಹಿಂದೆ ಕರ್ಮಫಲ ಎನ್ನುತ್ತಿದ್ದರು, ಈಗ ವಾಕಿಂಗ್ ಮಾಡಲಿಲ್ಲ ಅದಕ್ಕೇ ಎನ್ನುತ್ತಾರೆ. ಜೀವನವಿಡೀ ಓದಿ ಪಾಠ ಹೇಳಿದ ಸಿಸ್ಟರ್‌ಗಳಲ್ಲಿಯೂ ಅನೇಕರಿಗೆ ಈ ರೋಗ ಬಂದಿತ್ತು. ಪಟ್ಟಿಯಲ್ಲಿರುವ ಎಷ್ಟೋ ಕಾರಣಗಳು ಒಬ್ಬ ಹೆಂಗಸಿನ ಕೈಯಲ್ಲಿ ಇರುವಂಥವೇ ಅಲ್ಲ. ಹನ್ನೆರಡು ವರ್ಷದ ಹುಡುಗಿ ತಾನಾಗಿ ಶಾಲೆ ಬಿಡುವುದಿಲ್ಲ. ಹೊಗೆ ತುಂಬಿದ ಅಡುಗೆಮನೆಯನ್ನು ಯಾರೂ ಬಯಸಿ ಕಟ್ಟಿಸಿಕೊಳ್ಳುವುದಿಲ್ಲ. ಜೀವನಶೈಲಿ ಎಂಬ ಹೊಸ ಮಾತಿನಲ್ಲಿ ನಾವು ಆರಿಸಿಕೊಂಡದ್ದು ಎಷ್ಟು, ನಮ್ಮ ಮೇಲೆ ಹೇರಿದ್ದು ಎಷ್ಟು ಎಂಬ ಲೆಕ್ಕವನ್ನೂ ಬರೆಯಬೇಕು.

ಆ ಲೆಕ್ಕ ಈಗ ನಮ್ಮ ರಾಜ್ಯದಲ್ಲಿಯೇ ಶುರುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಿಂದ ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. 45 ದಾಟಿದ ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡು ವರ್ಷ ವರ್ಷವೂ ನೋಡುತ್ತ ಹೋಗುವುದು ಅದರ ಗುರಿ. ಸಿಸ್ಟರ್‌ಗಳ ಅಧ್ಯಯನದಲ್ಲಿ ಇದ್ದವರೆಲ್ಲ ಅಮೆರಿಕದವರು, ಬಹುಪಾಲು ಬಿಳಿಯರು, ಓದಿದವರು. ಶ್ರೀನಿವಾಸಪುರದಲ್ಲಿ ಇರುವವರು ಹೊಲದಲ್ಲಿ ದುಡಿದವರು, ಶಾಲೆ ಕಂಡವರು, ಕಾಣದವರು, ಕನ್ನಡ ತೆಲುಗು ಎರಡನ್ನೂ ಆಡುವವರು. ನಮ್ಮ ಹೆಂಗಸರ ಮರೆವಿಗೆ ನಮ್ಮ ಹೆಂಗಸರ ಬದುಕಿನಿಂದಲೇ ಉತ್ತರ ಸಿಗುವ ದಾರಿ ಇದು.

ಹೆಣ್ಣುಮಗುವಿನ ಓದನ್ನು ಹತ್ತನೆಯ ತರಗತಿಗೆ ನಿಲ್ಲಿಸಲು ಬರುವ ತಂದೆತಾಯಿಗಳಿಗೆ ನಾವು ಟೀಚರುಗಳು ಕೆಲಸದ ಮಾತು, ಮದುವೆಯ ಮಾತು ಹೇಳಿ ಒಪ್ಪಿಸಲು ನೋಡುತ್ತೇವೆ. ಇನ್ನು ಮೇಲೆ ಇದನ್ನೂ ಸೇರಿಸಿ ಹೇಳಬಹುದು: ಈ ಮಗು ಎಂಬತ್ತು ವರ್ಷದವಳಾದಾಗ ತನ್ನ ಮೊಮ್ಮಕ್ಕಳ ಹೆಸರು ಹಿಡಿದು ಕರೆಯಬೇಕಾದರೆ ಅದಕ್ಕೂ ಈಗಿನ ಓದು ಬೇಕು.

ಮನೆಯಲ್ಲಿ ಈಗಾಗಲೇ ಮರೆವು ಬಂದು ಕುಳಿತಿದ್ದರೆ ಮಾಡಬೇಕಾದದ್ದು ಬೇರೆ. ನೆಂಟರು ಬಂದಾಗ ಅತ್ತೆಯ ಮುಂದೆ ನಿಲ್ಲಿಸಿ "ಇವರು ಯಾರು ಹೇಳಿ ನೋಡೋಣ" ಎಂದು ಕೇಳುವ ರೂಢಿ ಎಲ್ಲ ಮನೆಗಳಲ್ಲಿಯೂ ಇದೆ. ಔಗುಸ್ಟೆಯನ್ನು ಪ್ರಶ್ನೆ ಕೇಳಿದ ವೈದ್ಯರಿಗೆ ಅದರಿಂದ ತಿಳಿಯುವುದಿತ್ತು. ನಮಗೆ ತಿಳಿಯುವುದು ಏನೂ ಇಲ್ಲ, ಅವರಿಗೆ ಅವಮಾನ ಮಾತ್ರ. "ಅತ್ತೇ, ಇವರು ನಿಮ್ಮ ತಮ್ಮನ ಮಗಳು, ಹಾಸನದಿಂದ ಬಂದಿದ್ದಾರೆ" ಎಂದು ನಾವೇ ಹೇಳಿಬಿಟ್ಟರೆ ಸಾಕು. ಪರೀಕ್ಷೆ ಮಾಡುವುದು ನಮ್ಮಂಥ ಟೀಚರುಗಳ ಕೆಲಸ. ಮನೆಯಲ್ಲಿ ಅದು ಬೇಡ.